ಡಾಕ್ಟರ್ ಖರ್ಚಿಗೆ ಅಂತ ಶುರುವಾದ ಸಂಘ, ದೇಶದ ಮಾತಿಗೆ ಬಂದು ನಿಂತಿತು

ಸಂಪಾದಕರೇ,

ಆಸ್ಟ್ರೇಲಿಯಾದ ಆರು ವಸಾಹತುಗಳು ಸೇರಿ 1901ರ ಜನವರಿ 1ಕ್ಕೆ ಒಂದು ದೇಶ ಆದ ಕಥೆ ನಿಮ್ಮ ಭಾನುವಾರದ ಪುರವಣೀಲಿ ಬಂದಿತ್ತು, ಬರಹ ಚೆನ್ನಾಗೇ ಇತ್ತು, ಆದ್ರೆ ಉದ್ದಕ್ಕೂ ಬಾರ್ಟನ್, ಡೀಕಿನ್, ಪಾರ್ಕ್ಸ್ ಅನ್ನೋ ಅಲ್ಲಿನ ರಾಜಕಾರಣಿಗಳದ್ದೇ ಹೆಸರು. ಈ ದೊಡ್ಡವರು ಮಾತಾಡೋಕೆ ಜನ ಸೇರಿಸಿದ್ದು ಯಾರು, ಊರೂರಲ್ಲಿ ಕುರ್ಚಿ ಹಾಕಿದ್ದು ಯಾರು ಅನ್ನೋದು ಒಂದು ಸಾಲೂ ಇಲ್ಲ. ಆ ಕೆಲಸದಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯನ್ ನೇಟಿವ್ಸ್ ಅಸೋಸಿಯೇಷನ್ ಅನ್ನೋ ಸಂಘದ್ದು, ಚುಟುಕಾಗಿ ಎಎನ್‌ಎ. ಹುಟ್ಟಿದಾಗ ಇದಕ್ಕೂ ರಾಜಕೀಯಕ್ಕೂ ಏನೂ ನಂಟಿಲ್ಲ, ಮೆಂಬರುಗಳು ಚಂದಾ ಕಟ್ಟೋದು, ಹುಷಾರಿಲ್ಲದೆ ಕೆಲಸಕ್ಕೆ ಹೋಗೋಕಾಗದಿದ್ರೆ ವಾರದ ದುಡ್ಡು, ಸಂಘದ ಡಾಕ್ಟರ್ ಹತ್ರ ಔಷಧಿ, ಸತ್ರೆ ಮಣ್ಣಿನ ಖರ್ಚು, ಇಷ್ಟೇ. ಸರ್ಕಾರದ ಪೆನ್ಷನ್ ಇನ್ಶೂರೆನ್ಸ್ ಯಾವುದೂ ಇಲ್ಲದ ಕಾಲ ಅದು, ಮನೇಲಿ ದುಡಿಯೋನು ಒಂದು ತಿಂಗಳು ಮಲಗಿದ್ರೆ ಸಂಸಾರ ಬೀದಿಗೆ ಬರ್ತಿತ್ತು.

ಇಂಥ ಫ್ರೆಂಡ್ಲಿ ಸೊಸೈಟಿಗಳು ಅಲ್ಲಿ ಬೇಕಾದಷ್ಟಿದ್ವು, ಆಡ್‌ಫೆಲೋಸ್, ಫಾರೆಸ್ಟರ್ಸ್ ಹೀಗೆ, ಆದ್ರೆ ಅವುಗಳ ಬೇರೆಲ್ಲ ಇಂಗ್ಲೆಂಡಿನಲ್ಲಿ. 1871ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ಈ ಸಂಘದ ಷರತ್ತೇ ಬೇರೆ, ನೀನು ಈ ನೆಲದಲ್ಲೇ ಹುಟ್ಟಿರಬೇಕು. ಮೊದಲು ವಿಕ್ಟೋರಿಯನ್ ನೇಟಿವ್ಸ್ ಅಂತಿತ್ತು, ಮಾರನೇ ವರ್ಷವೇ ಆಸ್ಟ್ರೇಲಿಯನ್ ಅಂತ ಬದಲಾಯ್ತು. ನೋಡಿ, ದೇಶ ಅನ್ನೋದು ಇನ್ನೂ ಇಲ್ಲ, ಹೆಸರಲ್ಲಿ ಮಾತ್ರ ಆಗ್ಲೇ ಬಂದುಬಿಟ್ಟಿದೆ! 1850ರ ದಶಕದಲ್ಲಿ ಚಿನ್ನದ ಆಸೆಗೆ ಹಡಗು ಹತ್ತಿ ಬಂದವರ ಮಕ್ಕಳು ದೊಡ್ಡವರಾಗ್ತಿದ್ದ ಹೊತ್ತು ಅದು, ಅಪ್ಪ ಅಮ್ಮನಿಗೆ ಊರು ಅಂದ್ರೆ ಬ್ರಿಟನ್ನು, ಇವರಿಗೆ ನೋಡದ ಊರದು. ಹರೆಯದವರೇ ಜಾಸ್ತಿ ಇದ್ರೆ ಕಾಯಿಲೆ ಕಡಿಮೆ, ಕಾಯಿಲೆ ಕಡಿಮೆ ಅಂದ್ರೆ ಫಂಡೂ ಗಟ್ಟಿ, ಲೆಕ್ಕ ಸುಲಭ.

ಚಂದಾ ವಸೂಲಿಗೆ ಅಂತ ಒಂದು ಸಂಜೆ ಎಲ್ಲರೂ ಸೇರಲೇಬೇಕು ಅಲ್ವಾ, ಸೆಕ್ರೆಟರಿ ಮೇಜಿನ ಮೇಲೆ ಲೆಡ್ಜರ್ ಬಿಚ್ಚಿಟ್ಟು ಹೆಸರು ಕೂಗಿ ದುಡ್ಡು ಎಣಿಸಿ ಮುಗಿಸಿದ ಮೇಲೆ ಅದೇ ಕೋಣೇಲಿ ಡಿಬೇಟ್, ಪ್ರಬಂಧ ಓದೋದು, ಪದ್ಯ ಹೇಳೋದು ನಡೀತಿತ್ತು. ಪಾರ್ಟಿ ಜಗಳ, ಧರ್ಮದ ಜಗಳ ತರಬಾರದು, ದೇಶದ ವಿಚಾರ ಆದ್ರೆ ಎಷ್ಟು ಹೊತ್ತಾದ್ರೂ ಸರಿ. ನನ್ನ ಕೇಳಿದ್ರೆ ಇಡೀ ಕಥೆಯ ಕೀಲಿ ಈ ಕೋಣೇಲೇ ಇದೆ. ದೇಶಾಭಿಮಾನದ ಸಭೆಗೆ ಬನ್ನಿ ಅಂದ್ರೆ ಎರಡು ಸಲ ಬರ್ತಾರೆ ಮೂರನೇ ಸಲ ನೆಪ ಹೇಳ್ತಾರೆ, ಚಂದಾ ಬಾಕಿ ಆದ್ರೆ ಡಾಕ್ಟರ್ ಸಿಗಲ್ಲ ಅಂದ್ರೆ ತಪ್ಪದೆ ಬರ್ತಾರೆ, ಬಂದವರು ಡಿಬೇಟಿಗೂ ಕೂರ್ತಾರೆ.

ಆಗ ಮರ್ರೆ ನದಿಯ ಆ ದಡ ನ್ಯೂ ಸೌತ್ ವೇಲ್ಸ್, ಈ ದಡ ವಿಕ್ಟೋರಿಯಾ, ನದಿ ದಾಟೋ ಸರಕಿಗೆ ಸುಂಕ, ದಡದಲ್ಲಿ ಕಸ್ಟಮ್ಸ್ ಚೌಕಿ. ಆ ನದಿ ದಡದ ಕೊರೋವಾದಲ್ಲೇ 1893ರಲ್ಲಿ ವಸಾಹತುಗಳೆಲ್ಲ ಸೇರಿ ಒಕ್ಕೂಟ ಆಗಲಿ ಅಂತಿದ್ದ ಲೀಗುಗಳು, ಈ ಸಂಘದವರು ಎಲ್ಲ ಸೇರಿದ್ದು, ಸಂವಿಧಾನ ಬರೆಯೋರನ್ನ ಜನರೇ ಆರಿಸಲಿ, ಬರೆದಿದ್ದನ್ನ ಜನರೇ ಓಟು ಹಾಕಿ ಒಪ್ಪಲಿ ಅಂತ ಬೆಂಡಿಗೋದ ವಕೀಲ ಜಾನ್ ಕ್ವಿಕ್ ಹೇಳಿದ್ದು. ತಮಾಷೆ ಅಂದ್ರೆ ಕ್ವಿಕ್ ಹುಟ್ಟಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ!

ಇನ್ನು 1898ರ ಮಾರ್ಚ್ 15, ಬೆಂಡಿಗೋ. ಸಂಘದ ಔತಣ. ಕರಡು ಸಂವಿಧಾನ ಮುಗಿಯೋಕೆ ಎರಡೇ ದಿನ ಬಾಕಿ, ವಿಕ್ಟೋರಿಯಾದ ಪ್ರೀಮಿಯರ್ ಟರ್ನರ್ ಮಾತ್ರ ಹೂಂ ಅನ್ನಲ್ಲ ಉಹೂಂ ಅನ್ನಲ್ಲ. ಸಂಘದ ಮೆಂಬರ್ರೇ ಆಗಿದ್ದ ಡೀಕಿನ್ ಅಲ್ಲಿ ಎದ್ದು ಒಕ್ಕೂಟದ ಪರ ಮಾತಾಡಿದ್ದು ಈಗ್ಲೂ ಆ ದೇಶದ ದೊಡ್ಡ ಭಾಷಣಗಳ ಪಟ್ಟೀಲಿದೆ. ಜೂನ್ 3ಕ್ಕೆ ಓಟಾದಾಗ ವಿಕ್ಟೋರಿಯಾದಲ್ಲಿ ಪರ 1,00,520, ವಿರೋಧ 22,099. ನ್ಯೂ ಸೌತ್ ವೇಲ್ಸ್‌ನಲ್ಲಿ 71,595 ಬಂದ್ರೂ 80,000 ದಾಟಬೇಕು ಅನ್ನೋ ನಿಯಮಕ್ಕೆ ಬಿದ್ದುಹೋಯ್ತು, ಮಾರನೇ ವರ್ಷ ಮತ್ತೆ ಓಟು ಹಾಕಬೇಕಾಯ್ತು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲೂ ಹೇಳಬೇಕು, ಇಲ್ಲಾಂದ್ರೆ ನಾನೂ ನಿಮ್ಮ ಲೇಖಕರ ಹಾಗೇ ಅರ್ಧ ಕಥೆ ಹೇಳಿದಂಗೆ. ನೇಟಿವ್ಸ್ ಅಂತ ಬೋರ್ಡ್ ಹಾಕ್ಕೊಂಡರಲ್ಲ, ಅವರ ಲೆಕ್ಕದಲ್ಲಿ ನೇಟಿವ್ ಅಂದ್ರೆ ಅಲ್ಲಿ ಹುಟ್ಟಿದ ಬಿಳಿಯ. ಸಾವಿರಾರು ತಲೆಮಾರಿಂದ ಅಲ್ಲೇ ಇದ್ದ ಮೂಲನಿವಾಸಿಗಳು ಆ ಪದದೊಳಗೆ ಬರಲೇ ಇಲ್ಲ. ಬಿಳಿಯರ ಆಸ್ಟ್ರೇಲಿಯಾ ಅನ್ನೋ ನೀತಿಗೂ ಸಂಘ ಬೆನ್ನಿಗೆ ನಿಂತಿತ್ತು, ಒಕ್ಕೂಟ ಆದ ವರ್ಷವೇ ವಲಸೆ ತಡೆಯೋ ಕಾನೂನು ಬಂತು, ಬಂದರಲ್ಲಿ ಇಳಿದವನಿಗೆ ಯಾವುದೋ ಯೂರೋಪಿನ ಭಾಷೇಲಿ 50 ಪದ ಡಿಕ್ಟೇಶನ್ ಕೊಡೋದು, ಯಾವ ಭಾಷೆ ಅನ್ನೋದು ಆಫೀಸರ್ ಇಷ್ಟ, ಬೇಡದವನು ಪಾಸಾಗೋದು ಎಲ್ಲಿಂದ ಬಂತು. ಹುಷಾರಿಲ್ಲದವನ ಮನೆಗೆ ದುಡ್ಡು ತಗೊಂಡು ಹೋಗ್ತಿದ್ದ ಜನಾನೇ ಬಾಗಿಲಲ್ಲಿ ನಿಂತವನಿಗೆ ಹೋಗು ಅಂದಿದ್ದು. ಎರಡೂ ನಿಜ, ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚೋಕೆ ನನಗೆ ಮನಸ್ಸಿಲ್ಲ.

ಸಂಘ ಏನಾಯ್ತು ಅಂದ್ರೆ, 1993ರಲ್ಲಿ ಮ್ಯಾಂಚೆಸ್ಟರ್ ಯೂನಿಟಿ ಅನ್ನೋ ಇನ್ನೊಂದು ಫ್ರೆಂಡ್ಲಿ ಸೊಸೈಟಿ ಜೊತೆ ಸೇರಿ ಆಸ್ಟ್ರೇಲಿಯನ್ ಯೂನಿಟಿ ಅಂತಾಯ್ತು, ಈಗ ಹೆಲ್ತ್ ಇನ್ಶೂರೆನ್ಸ್ ಮಾಡೋ ಕಂಪನಿ. 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ಬಂದಿಳಿದ ಜನವರಿ 26ನ್ನ ದೇಶದ ಹಬ್ಬವಾಗಿ ಎಲ್ಲ ರಾಜ್ಯಗಳೂ ಆಚರಿಸಲಿ ಅಂತ ವರ್ಷಗಟ್ಟಲೆ ಬೆನ್ನು ಹತ್ತಿದ್ದೂ ಇದೇ ಸಂಘ, 1935ರ ಹೊತ್ತಿಗೆ ಎಲ್ಲ ಕಡೆ ಆಸ್ಟ್ರೇಲಿಯಾ ಡೇ ಅನ್ನೋ ಹೆಸರು ನಿಂತಿತು. ಮೂರೇ ವರ್ಷಕ್ಕೆ, 1938ರ ಅದೇ ಜನವರಿ 26ಕ್ಕೆ, ಸಿಡ್ನಿಯಲ್ಲಿ ಮೂಲನಿವಾಸಿಗಳು ಸೇರಿ ಶೋಕದ ದಿನ ಅಂತ ಆಚರಿಸಿದ್ರು. ಮುಂದಿನ ಪುರವಣೀಲಿ ಆ ಸಭೆ ಬಗ್ಗೆ ಒಂದು ಪುಟ ಕೊಡ್ತೀರಾ?

ಇಂತಿ,
ನಿಮ್ಮ ಹಳೇ ಓದುಗ