ಏಕಮುಖ ರಸ್ತೆಗಳಲ್ಲಿ ಸೈಕಲ್‌ಗೆ ಎರಡೂ ದಿಕ್ಕಿನ ದಾರಿ ಕೊಡಿ: ಚಿಕ್ಕಮಗಳೂರು ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು, ಚಿಕ್ಕಮಗಳೂರು
ಮಾನ್ಯ ಪೌರಾಯುಕ್ತರು, ನಗರಸಭೆ, ಚಿಕ್ಕಮಗಳೂರು

ಇವರಿಂದ,
ಪೇಟೆ ಸುತ್ತಲಿನ ಬಡಾವಣೆಗಳ ನಿವಾಸಿಗಳು ಮತ್ತು ಸೈಕಲ್ ಸವಾರರು

ವಿಷಯ: ನಗರದೊಳಗಿನ ಏಕಮುಖ ಸಂಚಾರದ ರಸ್ತೆಗಳಲ್ಲಿ ಸೈಕಲ್ ಸವಾರರಿಗೆ ಎದುರು ದಿಕ್ಕಿನಲ್ಲೂ ಸಾಗಲು ಅನುಮತಿ ನೀಡುವ ಬಗ್ಗೆ.

ಮಾನ್ಯರೇ,

ಬಸವನಹಳ್ಳಿ, ಕೋಟೆ, ಶಂಕರಪುರ, ಹೊಸಮನೆ, ಉಪ್ಪಳ್ಳಿ ಕಡೆಯಿಂದ ದಿನವೂ ಪೇಟೆಗೆ ಸೈಕಲ್ ತುಳಿದುಕೊಂಡು ಬರುವವರು ನಾವು. ನಮ್ಮಲ್ಲಿ ಮನೆಮನೆಗೆ ಪೇಪರ್ ಹಾಕುವವರಿದ್ದಾರೆ, ಕ್ಯಾನಿನಲ್ಲಿ ಹಾಲು ತರುವವರಿದ್ದಾರೆ, ಗಾರೆ ಕೆಲಸದವರು, ಹೋಟೆಲ್ ಅಡುಗೆಯವರು, ಹೈಸ್ಕೂಲಿನ ಮಕ್ಕಳು ಇದ್ದಾರೆ. ನಿವೃತ್ತರಾಗಿ ಹತ್ತು ವರ್ಷವಾದರೂ ಸೈಕಲ್ ಬಿಡದ ಒಬ್ಬ ಮೇಷ್ಟ್ರೂ ಇದ್ದಾರೆ. ಪತ್ರ ಬರೆದವನು ನಾನು, ಪೇಪರ್ ಹಾಕುವವನು. ಉಳಿದವರು ಓದಿ, ಕೆಲವು ಕಡೆ ತಿದ್ದಿಸಿ, ಸಹಿ ಮಾಡಿದ್ದಾರೆ.

ಎಂ.ಜಿ. ರಸ್ತೆ, ಐ.ಜಿ. ರಸ್ತೆ, ಮಾರ್ಕೆಟ್ ರಸ್ತೆ ಮತ್ತು ಅವನ್ನು ಕೂಡಿಸುವ ಅಡ್ಡರಸ್ತೆಗಳಲ್ಲಿ ಎಲ್ಲೆಲ್ಲಿ ಏಕಮುಖ ಸಂಚಾರದ ಆದೇಶ ಜಾರಿಯಲ್ಲಿದೆಯೋ, ಆ ಜಾಗಗಳನ್ನು ಒಂದೊಂದಾಗಿ ಪರಿಶೀಲಿಸಿ, ಸಾಧ್ಯವಿರುವ ಕಡೆ ‘ಸೈಕಲ್ ಹೊರತುಪಡಿಸಿ’ ಎಂಬ ಫಲಕ ಹಾಕಿಸಿಕೊಡಿ ಎಂಬುದು ನಮ್ಮ ಕೋರಿಕೆ. ರಸ್ತೆ ಅಗಲ ಮಾಡಿ ಎಂದು ನಾವು ಕೇಳುತ್ತಿಲ್ಲ. ಯಾರ ಅಂಗಡಿ ಮುಂಗಟ್ಟನ್ನೂ ಒಡೆಯಬೇಕಿಲ್ಲ.

ಬೆಳಗಿನ ಐದು ಗಂಟೆಗೆ ನಮ್ಮೂರಿನ ರಸ್ತೆಗಳು ಎಲ್ಲರವೂ ಆಗಿರುತ್ತವೆ. ಎಂಟೂವರೆ ದಾಟಿತೆಂದರೆ ಲೆಕ್ಕ ಬೇರೆ. ಐವತ್ತು ಹೆಜ್ಜೆ ಆಚೆ ಕಾಣುವ ಅಂಗಡಿಗೆ ಹೋಗಲು ಸೈಕಲ್‌ನವನು ಮುಂದಿನ ಸರ್ಕಲ್‌ವರೆಗೆ ಹೋಗಿ, ಬಸ್ಸು, ಲಾರಿ, ಪ್ರವಾಸಿಗರ ಜೀಪುಗಳು ನುಗ್ಗುವ ದೊಡ್ಡ ರಸ್ತೆಗೆ ಇಳಿದು, ಅಲ್ಲಿಂದ ತಿರುಗಿ ಮೇಲೆ ಹತ್ತಿ ಬರಬೇಕು. ಮೋಟಾರ್ ಬೈಕಿನವರಿಗೆ ಈ ಸುತ್ತು ಒಂದೆರಡು ನಿಮಿಷ, ಒಂದಿಷ್ಟು ಪೆಟ್ರೋಲ್. ಸೈಕಲ್‌ನವನಿಗೆ ಅದು ತೊಡೆಯ ಕಸುವು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಊರು ನಮ್ಮದು, ಏರು ತಗ್ಗು ಇಲ್ಲದ ಬೀದಿ ಹುಡುಕಬೇಕು. ಹಿಂದೆ ಕ್ಯಾರಿಯರ್ ಮೇಲೆ ಇಪ್ಪತ್ತು ಲೀಟರ್ ಹಾಲಿಟ್ಟುಕೊಂಡು, ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಆಷಾಢದ ಜಡಿಮಳೆಯಲ್ಲಿ ಅರ್ಧ ಕಿಲೋಮೀಟರ್ ಹೆಚ್ಚಿಗೆ ತುಳಿಯುವುದೆಂದರೆ ಏನೆಂದು ತುಳಿದವರಿಗೇ ಗೊತ್ತು.

ಸುತ್ತಿನ ಆಯಾಸಕ್ಕಿಂತ ನಮಗೆ ಹೆಚ್ಚು ಚಿಂತೆ ಇರುವುದು ಅದು ನಮ್ಮನ್ನು ಎಲ್ಲಿಗೆ ತಳ್ಳುತ್ತದೆ ಎಂಬುದರ ಬಗ್ಗೆ. ವಾಹನಗಳು ನಿಧಾನವಾಗಿ ಹೋಗುವ ಒಳರಸ್ತೆ ನಮಗೆ ಮುಚ್ಚಿದೆ, ವೇಗವಾಗಿ ಹೋಗುವ ಹೊರರಸ್ತೆ ತೆರೆದಿದೆ. ಹೈಸ್ಕೂಲಿನ ಮಗುವಿಗೆ ಇವೆರಡರಲ್ಲಿ ಯಾವುದು ಕ್ಷೇಮ ಎಂದು ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ. 2006-07ರಲ್ಲಿ ಸರ್ಕಾರವೇ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆ ಸೈಕಲ್‌ಗಳಲ್ಲಿ ಎಷ್ಟೋ ಇಂದಿಗೂ ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಬಂದು ಓಡುತ್ತಿವೆ. ಸೈಕಲ್ ಕೊಟ್ಟವರು ದಾರಿಯನ್ನೂ ಕೊಡಬೇಕಲ್ಲವೇ?

ಇನ್ನೊಂದು ಸತ್ಯವನ್ನು ಮುಚ್ಚಿಡದೆ ಹೇಳುತ್ತೇವೆ. ನಮ್ಮಲ್ಲಿ ಬಹಳ ಜನ ಈಗಲೂ ಒನ್‌ವೇನಲ್ಲಿ ಎದುರು ಬರುತ್ತೇವೆ. ಕದ್ದು ಬರುತ್ತೇವೆ. ಕಾನ್‌ಸ್ಟೇಬಲ್ ಕಂಡರೆ ಇಳಿದು ತಳ್ಳುತ್ತೇವೆ, ಕಾಣದಿದ್ದರೆ ಹತ್ತಿ ತುಳಿಯುತ್ತೇವೆ. ಕದ್ದು ಹೋಗುವವನಿಗೆ ಗೊತ್ತಾದ ಜಾಗ ಇರುವುದಿಲ್ಲ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ, ಇನ್ನೊಬ್ಬ ನಿಂತ ಕಾರುಗಳ ಸಂದಿಯಲ್ಲಿ. ಎದುರಿಂದ ಬರುವ ಚಾಲಕ ಯಾರನ್ನು ಎಲ್ಲಿ ನಿರೀಕ್ಷಿಸಬೇಕು? ಕಳೆದ ಮಳೆಗಾಲದಲ್ಲಿ ನಮ್ಮ ಪೈಕಿ ಹಾಲಿನವರೊಬ್ಬರು ಇಳಿದು ಸೈಕಲ್ ತಳ್ಳಿಕೊಂಡು ಅಂಚಿನಲ್ಲಿ ಬರುತ್ತಿದ್ದಾಗ, ಓರೆಯಾಗಿ ನಿಲ್ಲಿಸಿದ್ದ ಕಾರೊಂದು ಹಿಂದಕ್ಕೆ ಬಂತು. ಹಿಂದೆ ನೋಡುತ್ತಿದ್ದ ಚಾಲಕ ಒನ್‌ವೇ ಬರುವ ಕಡೆಗಷ್ಟೇ ನೋಡುತ್ತಿದ್ದ. ಮೊಣಕೈ ಮುರಿಯಿತು, ಹಾಲೆಲ್ಲ ಚರಂಡಿ ಸೇರಿತು. ತಪ್ಪು ಯಾರದೆಂದು ಸುತ್ತ ನಿಂತವರು ಒಂದೇ ದನಿಯಲ್ಲಿ ಹೇಳಿದ್ದು: “ರಾಂಗ್ ಸೈಡಲ್ಲಿ ಬಂದಿದ್ದಾನೆ, ಬೇಕಿತ್ತಾ?” ನಡೆದು ಬರುತ್ತಿದ್ದ ಮನುಷ್ಯನಿಗೆ ಬಂದ ಮಾತದು.

ರಸ್ತೆಯೊಂದನ್ನು ಏಕಮುಖ ಮಾಡುವುದು ಎರಡು ಕಾರು ಎದುರುಬದುರು ಬಂದರೆ ದಾಟಲು ಜಾಗ ಸಾಲದು ಎಂಬ ಕಾರಣಕ್ಕೆ. ಅದು ಸರಿಯೇ. ಏಕಮುಖ ವ್ಯವಸ್ಥೆ ತೆಗೆಯಿರಿ ಎಂದು ನಾವು ಹೇಳುವುದಿಲ್ಲ. ಆದರೆ ಸೈಕಲ್‌ಗೆ ಬೇಕಾದ ಅಗಲವೆಷ್ಟು? ಹ್ಯಾಂಡಲ್, ಮೊಣಕೈ, ಸ್ವಲ್ಪ ಓಲಾಟ ಎಲ್ಲ ಸೇರಿ ಒಂದು ಮೀಟರ್. ಆರು ಮೀಟರ್ ಅಗಲದ ಬೀದಿಯಲ್ಲಿ ಒಂದು ಬದಿ ಉದ್ದಕ್ಕೆ ಕಾರು ನಿಲ್ಲಿಸಲು ಎರಡು ಮೀಟರ್ ಬಿಟ್ಟರೂ ನಾಲ್ಕು ಮೀಟರ್ ಉಳಿಯಿತು. ಅದರಲ್ಲಿ ಎರಡೂವರೆ ಮೀಟರ್ ಅಗಲದ ಲಾರಿ ಹೋದರೂ ಎದುರಿನ ಸೈಕಲ್‌ಗೆ ಜಾಗವಿದೆ. ತೂಕ, ವೇಗಗಳ ಮಾತಿಗೆ ಬಂದರೆ, ಸಾವಿರ ಕಿಲೋ ತೂಕದ ಕಾರು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೊರುವ ಚಲನಶಕ್ತಿ, ಸವಾರನೂ ಸೇರಿ 85 ಕಿಲೋ ತೂಗುವ ಸೈಕಲ್ 12 ಕಿಲೋಮೀಟರ್ ವೇಗದಲ್ಲಿ ಹೊರುವುದರ ಎಪ್ಪತ್ತು ಪಟ್ಟಿಗೂ ಹೆಚ್ಚು. ಲೆಕ್ಕ ಮಾಡಿಕೊಟ್ಟವರು ನಮ್ಮ ಮೇಷ್ಟ್ರು. ಇವೆರಡನ್ನೂ ಒಂದೇ ಬೋರ್ಡಿನ ಕೆಳಗೆ ನಿಲ್ಲಿಸುವುದು ನ್ಯಾಯವೇ ಎಂದು ತಾವೇ ಯೋಚಿಸಬೇಕು.

ಎದುರು ದಿಕ್ಕಿನ ಸೈಕಲ್ ಅಪಾಯ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಸೈಕಲ್ ತುಳಿಯುವವರು ಹೆಚ್ಚು ಹೆದರುವುದು ಹಿಂದಿನಿಂದ ಬರುವ ವಾಹನಕ್ಕೆ, ಏಕೆಂದರೆ ಅದು ಕಾಣುವುದಿಲ್ಲ. ಎದುರು ಬರುವ ಚಾಲಕನ ಮುಖ ನಮಗೆ ಕಾಣುತ್ತದೆ, ನಮ್ಮದು ಅವನಿಗೆ ಕಾಣುತ್ತದೆ. ನಿಂತ ಕಾರಿನ ಬಾಗಿಲಿನ ವಿಚಾರವೂ ಹಾಗೆಯೇ: ಒಳಗೆ ಕೂತವರು ಮುಂದಿನ ಗಾಜಿನಲ್ಲೇ ನಮ್ಮನ್ನು ನೋಡಬಹುದು. ನೋಡದೆ ಬಾಗಿಲು ತೆರೆದರೂ, ಎದುರಿಂದ ತಗುಲಿದ ಬಾಗಿಲು ಮುಚ್ಚಿಕೊಳ್ಳುವ ಕಡೆಗೆ ಹೋಗುತ್ತದೆ.

ಇದು ಹೊಸ ಪ್ರಯೋಗವೂ ಅಲ್ಲ. ಜರ್ಮನಿ 1997ರಲ್ಲಿ ಪರೀಕ್ಷೆಗೆಂದು ಆರಂಭಿಸಿ 2001ರಲ್ಲಿ ಖಾಯಂ ಮಾಡಿತು. ಬೆಲ್ಜಿಯಂನಲ್ಲಿ 2004ರಿಂದ, ಸಾಕಷ್ಟು ಅಗಲವಿರುವ, ವೇಗ ಕಡಿಮೆ ಇರುವ ಏಕಮುಖ ರಸ್ತೆಗಳು ಸೈಕಲ್‌ಗೆ ಎರಡೂ ಕಡೆ ತೆರೆದಿರುವುದೇ ನಿಯಮ, ಅಪಾಯವಿದ್ದ ಕಡೆ ಮಾತ್ರ ವಿನಾಯಿತಿ. ಅಲ್ಲಿ ಅಳತೆಯ ಗೆರೆ ಮೂರು ಮೀಟರ್. ಫ್ರಾನ್ಸ್ 2008ರಲ್ಲಿ, ಗಂಟೆಗೆ 30 ಕಿಲೋಮೀಟರ್ ಮಿತಿಯಿರುವ ವಲಯಗಳಿಗೆ ಇದೇ ಪದ್ಧತಿ ತಂದಿತು. ಲಂಡನ್ನಿನ ಒಳನಗರದಲ್ಲಿ ಹೀಗೆ ತೆರೆದ 508 ಏಕಮುಖ ಬೀದಿಗಳ 1998ರಿಂದ 2019ರವರೆಗಿನ ಅಪಘಾತದ ದಾಖಲೆಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಎದುರು ದಿಕ್ಕಿಗೆ ಅನುಮತಿ ಕೊಟ್ಟ ಮೇಲೆ ಸೈಕಲ್ ಅಪಘಾತದ ಪ್ರಮಾಣ ಏರಲಿಲ್ಲ ಎಂಬ ಫಲಿತಾಂಶ 2023ರಲ್ಲಿ ಪ್ರಕಟವಾಗಿದೆ. ಆ ಊರುಗಳ ಶಿಸ್ತೇ ಬೇರೆ ಎಂದು ತಾವು ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ಎಲ್ಲ ರಸ್ತೆಯನ್ನೂ ಒಮ್ಮೆಲೇ ತೆರೆಯಿರಿ ಎನ್ನದೆ, ಒಂದೆರಡು ಬೀದಿಯಲ್ಲಿ ಮಾಡಿ ನೋಡಿ ಎನ್ನುತ್ತಿದ್ದೇವೆ.

ಈ ಪತ್ರಕ್ಕೆ ಸಹಿ ಹಾಕಲು ಒಪ್ಪದವರ ಮಾತನ್ನೂ ತಮ್ಮ ಮುಂದಿಡಬೇಕು. ನಮ್ಮ ಬೀದಿಯ ಅಜ್ಜಿಯೊಬ್ಬರು ಹೇಳಿದರು: “ಒನ್‌ವೇ ಅಂತ ಒಂದೇ ಕಡೆ ನೋಡ್ಕೊಂಡು ದಾಟ್ತೀನಪ್ಪ. ನೀವು ಆ ಕಡೆಯಿಂದ ಸದ್ದಿಲ್ಲದೆ ಬಂದ್ರೆ ನನ್ನ ಸೊಂಟ ಯಾರು ಕೂಡಿಸ್ತಾರೆ? ನಿಮ್ಮ ಸೈಕಲ್ಲಿಗೆ ಬೆಲ್ಲೂ ಇರಲ್ಲ.” ಇದಕ್ಕೆ ನಮ್ಮ ಬಳಿ ಜಾಣ ಉತ್ತರವಿಲ್ಲ. ಅಜ್ಜಿ ಹೇಳಿದ್ದು ನಿಜ. ಆದ್ದರಿಂದ ದಾಟುವ ಪ್ರತಿ ಜಾಗದಲ್ಲೂ ‘ಎರಡೂ ಕಡೆ ನೋಡಿ’ ಎಂದು ರಸ್ತೆಯ ಮೇಲೇ ದಪ್ಪ ಅಕ್ಷರದಲ್ಲಿ ಬರೆಸಬೇಕು. ಎದುರು ದಿಕ್ಕಿನಲ್ಲಿ ಬರುವ ಸೈಕಲ್‌ಗೆ ಬೆಲ್ಲು, ರಾತ್ರಿ ಹೊತ್ತು ದೀಪ ಇರಲೇಬೇಕೆಂದು, ನಡೆಯುವವರಿಗೆ ಸೈಕಲ್‌ನವನೇ ನಿಂತು ದಾರಿ ಬಿಡಬೇಕೆಂದು ಆದೇಶದಲ್ಲೇ ಸೇರಿಸಬೇಕು. ಈ ಷರತ್ತಿಗೆ ನಾವೆಲ್ಲ ಒಪ್ಪಿದ್ದೇವೆ. ಸಹಿ ಮಾಡಿದವರಲ್ಲಿ ಬೆಲ್ಲಿಲ್ಲದವರು ಆ ವಾರವೇ ಹಾಕಿಸಿಕೊಂಡಿದ್ದಾರೆ.

ಸೈಕಲ್ ಬಿಟ್ಟರೆ ಅದರ ಹಿಂದೆ ಬೈಕು, ಸ್ಕೂಟರ್ ನುಗ್ಗುತ್ತವೆ ಎಂಬುದು ಅಂಗಡಿಯವರ ಆತಂಕ. ಅವು ಈಗಲೂ ನುಗ್ಗುತ್ತಿವೆ. ಆದೇಶ ಸ್ಪಷ್ಟವಾಗಿದ್ದರೆ ಹಿಡಿಯುವುದು ಸುಲಭ: ಪೆಡಲ್ ತುಳಿದು ಹೋಗುವುದಕ್ಕೆ ಮಾತ್ರ ಅನುಮತಿ. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಸ್ಕೂಟರ್‌ಗಳಿಗೆ ನೋಂದಣಿ ಬೇಕಿಲ್ಲ. ‘ನಮ್ಮದೂ ಸೈಕಲ್ ಇದ್ದ ಹಾಗೆ’ ಎಂದು ಅವರು ವಾದಿಸದಂತೆ ಈ ಪದ ಬಿಗಿಯಾಗಿರಲಿ.

ಎಲ್ಲಿ ಬೇಡ ಎಂಬುದನ್ನೂ ನಾವೇ ಹೇಳುತ್ತೇವೆ. ಕೆ.ಎಂ. ರಸ್ತೆಯಲ್ಲಿ ಬೇಡ, ರಾಷ್ಟ್ರೀಯ ಹೆದ್ದಾರಿ 173ರ ಯಾವ ಭಾಗದಲ್ಲೂ ಬೇಡ, ಬಸ್ ನಿಲ್ದಾಣದ ಬಾಯಲ್ಲಿ ಬೇಡ. ಕಡಿದಾದ ಇಳಿಜಾರಿನಲ್ಲಿ ಎದುರು ಇಳಿಯುವುದಕ್ಕೂ ಮೊದಲ ಹಂತದಲ್ಲಿ ಅನುಮತಿ ಬೇಡ. ಮಳೆಯಲ್ಲಿ ರಿಮ್ ನೆನೆದರೆ ಬ್ರೇಕ್ ಹಿಡಿಯುವುದು ತಡ, ಅದು ನಮಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಓರೆ ಪಾರ್ಕಿಂಗ್ ಇರುವ ಬದಿಯಲ್ಲಿ ಸೈಕಲ್ ಪಟ್ಟಿ ಬರೆದರೆ ಆ ಹಾಲಿನವರಿಗೆ ಆದದ್ದೇ ಮತ್ತೆ ಆಗುತ್ತದೆ. ಅಲ್ಲಿ ಮೊದಲು ಪಾರ್ಕಿಂಗ್ ಅನ್ನು ಉದ್ದಕ್ಕೆ ಬದಲಿಸಬೇಕು, ಇಲ್ಲವೇ ಆ ಬೀದಿಯನ್ನು ಬಿಡಬೇಕು. ಇಂಥ ಅನುಮತಿಯಲ್ಲಿ ನಿಜವಾದ ಗಂಡಾಂತರ ಇರುವುದು ಬೀದಿಯ ನಡುವಿನಲ್ಲಲ್ಲ, ಮೂಲೆಗಳಲ್ಲಿ. ಅಡ್ಡರಸ್ತೆಯಿಂದ ಹೊರಬರುವ ಚಾಲಕ ಒಂದೇ ಕಡೆ ನೋಡಿ ನುಗ್ಗುತ್ತಾನೆ. ಹಾಗಾಗಿ ಬಣ್ಣಕ್ಕೆ ಇರುವ ಹಣ ಕಡಿಮೆಯಾದರೆ ಬೀದಿಯುದ್ದದ ಪಟ್ಟಿ ಬಿಟ್ಟರೂ ಪರವಾಗಿಲ್ಲ, ಪ್ರತಿ ಮೂಲೆಯಲ್ಲಿ ಸೈಕಲ್ ಚಿತ್ರ, ಬಾಣದ ಗುರುತು ಮತ್ತು ಅಡ್ಡರಸ್ತೆಯ ಬಾಯಲ್ಲಿ ಎಚ್ಚರಿಕೆ ಫಲಕ ಮಾತ್ರ ತಪ್ಪಬಾರದು.

ಅಧಿಕಾರದ ಪ್ರಶ್ನೆಗೆ ಬಂದರೆ, ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 115 ಸಂಚಾರವನ್ನು ನಿರ್ಬಂಧಿಸುವ ಅಧಿಕಾರ ಕೊಡುವುದು ಮೋಟಾರು ವಾಹನಗಳ ಮೇಲೆ, ಅದೂ ವಿನಾಯಿತಿ, ಷರತ್ತುಗಳಿಗೆ ಅವಕಾಶವಿಟ್ಟು. ಅದೇ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಕಾಲಿನಿಂದ ತುಳಿಯುವ ಸೈಕಲ್ ಮೋಟಾರು ವಾಹನವಲ್ಲ. ಕಲಂ 116 ಫಲಕಗಳಿಗೆ ಸಂಬಂಧಿಸಿದ್ದು. ಸೈಕಲ್ ಸೇರಿದಂತೆ ಬೀದಿಯ ಎಲ್ಲ ಬಗೆಯ ಸಂಚಾರವನ್ನು ಕ್ರಮಪಡಿಸಲು ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 31 ಜಿಲ್ಲಾ ದಂಡಾಧಿಕಾರಿಗಳಿಗೆ ಅಧಿಕಾರ ಕೊಟ್ಟಿದೆ. ನಾವು ವಕೀಲರಲ್ಲ, ಸಹಿ ಮಾಡಿದವರಲ್ಲಿ ಒಬ್ಬರು ವಕೀಲರ ಕಚೇರಿಯಲ್ಲಿ ಗುಮಾಸ್ತರು, ಅವರು ಓದಿ ಹೇಳಿದ್ದನ್ನು ಬರೆದಿದ್ದೇವೆ. ಬೆಂಗಳೂರಿಗೆ ಕಡತ ಕಳಿಸದೆ ಇಲ್ಲಿಯೇ ತೀರ್ಮಾನಿಸಬಹುದಾದ ವಿಷಯ ಇದೆಂದು ನಮ್ಮ ನಂಬಿಕೆ. ಮುಳ್ಳಯ್ಯನಗಿರಿ ಕಡೆಗೆ ಹೋಗುವ ವಾಹನಗಳಿಗೆ ಮುಂಗಡ ಬುಕಿಂಗ್ ತಂದು ಮಾಡಿ ತೋರಿಸಿದ ಜಿಲ್ಲಾಡಳಿತ ಇದು. 2017ರಲ್ಲಿ ಮೈಸೂರು ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಆರಂಭಿಸಿ ಹೆಸರಾಯಿತು. ಈ ವಿಷಯದಲ್ಲಿ ನಮ್ಮ ಊರು ಮುಂದಾಗಲಿ ಎಂಬ ಆಸೆ ನಮಗಿದೆ.

ಮೊದಲಿಗೆ ಒಂದು ತಿಂಗಳ ಪ್ರಯೋಗ ಸಾಕು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಇಟ್ಟು, ಸಂಚಾರ ಪೊಲೀಸರ ಜೊತೆ ನೋಡಿ ಎರಡು ಬೀದಿ ಆರಿಸಿಕೊಡಿ. ಜುಲೈ ಮಳೆಯಲ್ಲಿ ಬೇಡ, ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಜನಸಂದಣಿಯಲ್ಲೂ ಬೇಡ. ಜನವರಿ ಕೊನೆಯಿಂದ ಫೆಬ್ರವರಿವರೆಗೆ ಒಣ ರಸ್ತೆ, ಶಾಲೆಗಳೂ ನಡೆಯುತ್ತಿರುತ್ತವೆ. ಪ್ರಯೋಗದ ಮುಂಚೆ ಒಂದು ವಾರ, ನಡುವೆ ಒಂದು ವಾರ, ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಮತ್ತು ಸಂಜೆ ನಾಲ್ಕರಿಂದ ಆರರವರೆಗೆ ಎಷ್ಟು ಸೈಕಲ್ ಬಂದವು, ಎಷ್ಟು ಬೈಕು ನುಗ್ಗಿದವು, ಎಲ್ಲಿ ಯಾರು ತಡವರಿಸಿದರು ಎಂಬುದನ್ನು ನಾವೇ ಸರದಿಯಲ್ಲಿ ನಿಂತು ಬರೆದುಕೊಡುತ್ತೇವೆ. ಲೆಕ್ಕ ನಮಗೆ ವಿರುದ್ಧವಾಗಿ ಬಂದರೂ ಹಾಗೇ ಕೊಡುತ್ತೇವೆ. ಫಲಕದ ಕಂಬಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಆಳು ಬೇಕಿದ್ದರೆ ಅದಕ್ಕೂ ಬರುತ್ತೇವೆ.

ಆದೇಶಕ್ಕೆ ಮೊದಲು ನಗರಸಭೆಯ ಇಂಜಿನಿಯರ್ ಒಬ್ಬರು ಮತ್ತು ಸಂಚಾರ ಠಾಣೆಯ ಅಧಿಕಾರಿಯೊಬ್ಬರು ಒಂದು ಬೆಳಿಗ್ಗೆ, ಶಾಲೆಗೆ ಹೋಗುವ ಹೊತ್ತಿನಲ್ಲಿ, ಆಜಾದ್ ಪಾರ್ಕ್ ಬಳಿ ನಮ್ಮನ್ನು ಸೇರಿಕೊಂಡು ಪೇಟೆಯನ್ನು ಒಂದು ಸುತ್ತು ಸೈಕಲ್‌ನಲ್ಲೇ ಬರಬೇಕೆಂದು ಪ್ರಾರ್ಥಿಸುತ್ತೇವೆ. ಎರಡು ಸೈಕಲ್ ನಾವು ತಂದಿರುತ್ತೇವೆ, ಸೀಟಿನ ಎತ್ತರ ಅಲ್ಲಿಯೇ ಸರಿಮಾಡಿಕೊಡುತ್ತೇವೆ. ದಿನ ತಿಳಿಸಿದರೆ ಸಾಕು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ನಿವಾಸಿಗಳು ಮತ್ತು ಸೈಕಲ್ ಸವಾರರು (ಸಹಿಗಳ ಹಾಳೆ ಲಗತ್ತಿಸಿದೆ)
ಸ್ಥಳ: ಚಿಕ್ಕಮಗಳೂರು

ಪ್ರತಿ: ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಚಿಕ್ಕಮಗಳೂರು, ಇವರಿಗೆ ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.