ಉಮ್ಮತ್ತಿ: ಕಾಯಿ ಬಲಿಯುವ ಮೊದಲೇ ಕೀಳಿ

ಸದಸ್ಯರ ಗಮನಕ್ಕೆ: ಉಮ್ಮತ್ತಿ ಅಂದರೆ ದತ್ತೂರ, ವಿಷದ ಕಳೆ. ಕಾಫಿ ತೋಟದ ನೆರಳಲ್ಲಿ ಇದು ಸೊರಗುತ್ತದೆ. ಹಾಗಾಗಿ ಹಟ್ಟಿ ಹಿಂದೆ, ಗೊಬ್ಬರಗುಂಡಿ ಪಕ್ಕ, ಜೆಸಿಬಿ ಕೆದಕಿದ ರಸ್ತೆಬದಿ ನೋಡಿ. ಅಮೆರಿಕ ಮೂಲದ ಎರಡು ದತ್ತೂರಗಳನ್ನು ಗುರುತಿಸುವುದು ಕಾಯಿಂದ: ಸ್ಟ್ರಮೋನಿಯಂ ಕಾಯಿ ನೆಟ್ಟಗೆ ನಿಂತು ನಾಲ್ಕು ಹೋಳಾಗಿ ಬಿರಿಯುತ್ತದೆ, ಬೀಜ ಕಪ್ಪು, ಇನಾಕ್ಸಿಯಾದ್ದು ಜೋತುಬಿದ್ದು ಅಡ್ಡಾದಿಡ್ಡಿ ಒಡೆಯುತ್ತದೆ, ಬೀಜ ಕಂದು. (ಅಂಗಳದಲ್ಲಿ ಹೂವು ಕೆಳಮುಖವಾಗಿ ತೂಗುವ ದೊಡ್ಡ ಗಿಡ ಬೇರೆ, ಬ್ರುಗ್ಮಾನ್ಸಿಯಾ. ವಿಷ ಮಾತ್ರ ಅದೇ ಬಗೆಯದು.)

ಒಂದೊಂದು ಕಾಯಲ್ಲಿ ನೂರಾರು ಬೀಜ, ಮಣ್ಣಲ್ಲಿ ದಶಕಗಟ್ಟಲೆ ಜೀವಂತ. ಹಾಗಾಗಿ ಹೂ ಬಿಡುವಾಗಲೇ, ಮಣ್ಣು ಹಸಿ ಇರುವಾಗ, ಕೈಗವಸು ಹಾಕಿ ಬೇರುಸಹಿತ ಕೀಳಿ. ರಸ ಹತ್ತಿದ ಕೈ ಕಣ್ಣಿಗೆ ತಾಗಿದರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ. ಕಾಯಿ ಕಟ್ಟಿದ ಗಿಡ ಗೊಬ್ಬರಗುಂಡಿಗೆ ಬೇಡ, ಕಿತ್ತ ಮೇಲೂ ಬೀಜ ಬಲಿಯಬಹುದು. ಚೀಲದಲ್ಲಿ ಬಿಗಿದು ಕಟ್ಟಿ. ಸುಡಲೂಬೇಡಿ, ಹೊಗೆಯೂ ವಿಷ.