ಸಿಂಬಳದ ಬಣ್ಣ ನೋಡಿ ಮಾತ್ರೆ ಬೇಡ

ಮಾನ್ಯ ಸಂಪಾದಕರೇ,

ಹಸಿರು ಸಿಂಬಳ ಕಂಡರೆ ಸೈನಸ್‌ಗೆ (ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಗೂಡುಗಳಿಗೆ) ಬ್ಯಾಕ್ಟೀರಿಯಾ ತಗುಲಿದೆ ಎಂದೇ ಲೆಕ್ಕ, ಕೂಡಲೇ ಆಂಟಿಬಯೋಟಿಕ್ ಶುರು ಮಾಡಿ ಅಂತ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಸಲಹೆ ಓದಿದೆ. ದಿನಾ ಮೂಗು, ಗಂಟಲು ನೋಡುವ ವೈದ್ಯೆ ನಾನು. ಇದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ.

ಮಾಮೂಲಿ ನೆಗಡಿಯಲ್ಲೂ ಸಿಂಬಳ ಮೊದಲು ನೀರಾಗಿ ಸುರಿದು, ಆಮೇಲೆ ಗಟ್ಟಿಯಾಗಿ ಹಳದಿಗೋ ಹಸಿರಿಗೋ ತಿರುಗುತ್ತದೆ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವದ್ದು. ವೈರಸ್ ಬಂದರೂ ಆ ಕಣಗಳು ಬರುತ್ತವೆ, ಬ್ಯಾಕ್ಟೀರಿಯಾ ಬಂದರೂ ಬರುತ್ತವೆ. ದೊಡ್ಡವರ ನೆಗಡಿಗಳಲ್ಲಿ ಬ್ಯಾಕ್ಟೀರಿಯಾದ ಸೈನಸ್ ಸೋಂಕಿಗೆ ತಿರುಗುವುದು ನೂರಕ್ಕೆ ಹೆಚ್ಚೆಂದರೆ ಎರಡು.

ಹಾಗಾದರೆ ಗೊತ್ತಾಗುವುದು ಹೇಗೆ? ಮುಖ್ಯವಾಗಿ ದಿನಗಳ ಲೆಕ್ಕದಿಂದ. ಮೂಗು ಕಟ್ಟುವುದು, ಕೀವಿನಂಥ ಸಿಂಬಳ, ಮುಖದ ನೋವು 10 ದಿನ ಕಳೆದರೂ ಒಂಚೂರೂ ಇಳಿಯದಿದ್ದರೆ ಅನುಮಾನ ಪಡಬೇಕು. ಶುರುವಿನಿಂದಲೇ 39 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಜಾಸ್ತಿ ಜ್ವರವಿದ್ದು, ಜೊತೆಗೆ ಕೀವು ಅಥವಾ ಮುಖದ ನೋವು ಸತತ ಮೂರು ನಾಲ್ಕು ದಿನ ಕಾಡಿದರೂ ಅಷ್ಟೇ. ಇನ್ನು ನಾನು ತುಂಬಾ ಗಮನ ಕೊಡುವ ಲಕ್ಷಣವೆಂದರೆ, ಐದಾರು ದಿನಕ್ಕೆ ನೆಗಡಿ ವಾಸಿಯಾಗುತ್ತಾ ಬಂದು, ಇನ್ನೇನು ಹೋಯ್ತು ಅನ್ನುವಾಗ ಜ್ವರ, ತಲೆನೋವು, ಸಿಂಬಳ ಮತ್ತೆ ಏರುವುದು. ರೋಗಿಗಳು ಇದನ್ನು ತಾವಾಗಿ ಹೇಳುವುದು ಕಮ್ಮಿ. ನಾವೇ ಕೆದಕಿ ಕೇಳಬೇಕು.

ಪರೀಕ್ಷೆಯಿಂದ ಸ್ವಲ್ಪ ಸಹಾಯವಾಗುತ್ತದೆ. ಕೆನ್ನೆ, ಹುಬ್ಬಿನ ಮೇಲೆ ಒತ್ತಿ ನೋಡುತ್ತೇವೆ. ಮೇಲಿನ ಸಾಲಿನ ದವಡೆ ಹಲ್ಲುಗಳನ್ನು ಮೆಲ್ಲಗೆ ತಟ್ಟುತ್ತೇವೆ, ಯಾಕೆಂದರೆ ಅವುಗಳ ಬೇರು ಕೆನ್ನೆಯ ಸೈನಸ್‌ನ ತಳಕ್ಕೆ ತೀರಾ ಹತ್ತಿರ. (ಒಂದೇ ಹಲ್ಲು ಜೋರಾಗಿ ನೊಂದರೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಬೇಕು, ಹುಳುಕಿನಿಂದಲೂ ಸೈನಸ್ ಕೆಡುತ್ತದೆ.) ಟಾರ್ಚ್ ಬಿಟ್ಟು ಮೂಗಿನೊಳಗೆ ನೋಡಿದಾಗ ಪಕ್ಕದ ಗೋಡೆಯಿಂದ ಚಾಚಿರುವ ಮಡಿಕೆಗಳಲ್ಲಿ ನಡುವಿನದರ ಕೆಳಗಿನಿಂದ ಕೀವು ಇಳಿಯುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಇದರಲ್ಲಿ ಯಾವುದೂ ಒಂಟಿಯಾಗಿ ಸಾಕ್ಷಿ ಹೇಳುವುದಿಲ್ಲ. ಪಕ್ಕಾ ಗೊತ್ತಾಗಬೇಕೆಂದರೆ ಸೈನಸ್‌ಗೆ ಸೂಜಿ ಹಾಕಿ ಕೀವು ತೆಗೆದು ಕಲ್ಚರ್ (ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಬೇಕು. ಇಷ್ಟಕ್ಕೆಲ್ಲಾ ಅದನ್ನು ಯಾರು ಮಾಡಿಸ್ತಾರೆ, ಅಲ್ವಾ?

"ಒಂದು ಸ್ಕ್ಯಾನ್ ಬರೆದುಕೊಡಿ ಡಾಕ್ಟ್ರೇ" ಅನ್ನುವವರಿಗೂ ಒಂದು ಮಾತು. ಆಗತಾನೇ ನೆಗಡಿ ಹಿಡಿದವರಿಗೆ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 87 ಮಂದಿಯ ಕೆನ್ನೆಯ ಸೈನಸ್ ಕೆಟ್ಟಂತೆ ಕಂಡಿತ್ತು, ಇದ್ದದ್ದು ಬರೀ ನೆಗಡಿ! ಎಕ್ಸ್‌ರೇಗೂ ವೈರಸ್, ಬ್ಯಾಕ್ಟೀರಿಯಾ ಬೇರೆ ಮಾಡಿ ತೋರಿಸಲು ಬರುವುದಿಲ್ಲ. ಅಂದಹಾಗೆ, ಮೂಗು ಕಟ್ಟದೆ, ಸಿಂಬಳವೂ ಇಲ್ಲದೆ ಪದೇ ಪದೇ ಬರುವ "ಸೈನಸ್ ತಲೆನೋವು" ಎಷ್ಟೋ ಸಲ ಮೈಗ್ರೇನ್ ಆಗಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ದಿನ ಎಣಿಸುತ್ತಾ ಕೂರಬಾರದು. ಕಣ್ಣಿನ ಸುತ್ತ ಊತ, ಒಂದು ಎರಡಾಗಿ ಕಾಣುವುದು, ತಡೆಯಲಾರದ ತಲೆನೋವು, ಕತ್ತು ಬಿಗಿಯುವುದು, ಮಂಕು ಕವಿಯುವುದು ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಪುಟದಲ್ಲಿ ಬಣ್ಣದ ಬದಲು ಇದು ಬರಬೇಕಿತ್ತು.

ಇತಿ,
ಒಬ್ಬ ವೈದ್ಯೆ